ವಾಟೆಯ ಟೋನ್ ಆರ್ಮ್ ಮತ್ತು ಗಿರಿಜಮ್ಮನವರ ತಟ್ಟೆ

೧೯೬೨ನೇ ಇಸವಿಯಲ್ಲಿ ನಾನು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ರೇಡಿಯೋ ಅಂಗಡಿಯಲ್ಲಿ ಸರ್ವೀಸ್ ಮೆಕ್ಯಾನಿಕ್ ಆಗಿದ್ದೆ. ಬೋರ್ಡಿನ ಮೇಲೆ ‘ರೇಡಿಯೋ, ಗ್ರಾಮಫೋನ್ ಮಾರಾಟ ಮತ್ತು ರಿಪೇರಿ’ ಎಂದು ಬರೆದಿತ್ತು. ಮಾರಾಟ ಮಾಲೀಕರದು, ರಿಪೇರಿ ನನ್ನದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬರುತ್ತಿದ್ದ ವ್ಯಾಗನ್ನುಗಳಿಂದ ಇದ್ದಿಲು ಇಳಿಸುತ್ತಿದ್ದರು. ಅವರ ಬೆವರೂ ಕಪ್ಪಾಗಿಯೇ ಇಳಿಯುತ್ತಿತ್ತು. ಆ ಇದ್ದಿಲ ಬುಟ್ಟಿಯ ಸಂಪಾದನೆಯಲ್ಲಿ ಓದಿ, ಫಿಸಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಪಾಸು ಮಾಡಿದೆ. ಈ ಮಾತು ಹೇಳುವಾಗ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಮುಚ್ಚಿಡುವುದೇಕೆ?

‘ಇಷ್ಟು ಓದಿ ರೇಡಿಯೋ ಧೂಳು ಹೊಡೀತೀಯಲ್ಲೋ’ ಎಂದು ಕೇಳಿದವರಿದ್ದರು. ನನಗೆ ಅದರಲ್ಲಿ ಅವಮಾನ ಕಾಣಲಿಲ್ಲ. ಪುಸ್ತಕದಲ್ಲಿ ಓದಿದ ಕಂಪನ, ಅನುರಣನ ಎಲ್ಲವೂ ಆ ಅಂಗಡಿಯ ಮೇಜಿನ ಮೇಲೆ ಕಣ್ಣಿಗೆ ಕಾಣುತ್ತಿದ್ದವು, ಕಿವಿಗೆ ಕೇಳುತ್ತಿದ್ದವು. ಮಾಲೀಕರು ರುದ್ರಪ್ಪನವರು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಹನುಮಂತಪ್ಪ ಎಂಬ ನನ್ನ ಹೆಸರು ಬಿಟ್ಟು ‘ಬಿ.ಎಸ್ಸಿ. ಸಾಹೇಬ್ರು’ ಎಂದು ಕರೆಯುತ್ತಿದ್ದರು. ಅರ್ಧ ಕುಹಕ, ಅರ್ಧ ಹೆಮ್ಮೆ. ಗಿರಾಕಿ ಬಂದಾಗ ಮಾತ್ರ ಹೆಮ್ಮೆಯ ಭಾಗವೇ ಹೆಚ್ಚು.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಭದ್ರಾವತಿಯ ಬಸ್ಸಿಳಿದು ಒಬ್ಬರು ಅಂಗಡಿಗೆ ಬಂದರು. ಮೂವತ್ತೈದರ ಆಸುಪಾಸು, ಬಿಳಿ ಪಂಚೆ, ಉಗುರಿನ ಸಂದಿಯಲ್ಲಿ ಮರದ ಹೊಟ್ಟು. ಹೆಸರು ಸಿದ್ಧಲಿಂಗಪ್ಪ. ಊರು ಹೊಳೆಹೊನ್ನೂರು, ಕೆಲಸ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ. ಎರಕ ಹೊಯ್ಯುವುದಕ್ಕೆ ಮುಂಚೆ ಆ ವಸ್ತುವಿನ ಆಕಾರವನ್ನು ಮರದಲ್ಲಿ ಮಾಡಿಕೊಳ್ಳಬೇಕಾಗುತ್ತದೆ, ಅದೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿದರೆ ಅಚ್ಚು ಮೂಡುತ್ತದೆ. ಕೂದಲೆಳೆಯ ಅಳತೆಯ ಕೆಲಸ.

ಕಂಕುಳಿನ ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಹಸಿರು ಸೀರೆಯ ತುಂಡು. ಅದರೊಳಗೆ ತಿಂಡಿತಟ್ಟೆಗಿಂತ ಚಿಕ್ಕದಾದ ಒಂದು ಕಪ್ಪು ತಟ್ಟೆ. ಮುಟ್ಟಿದ ಕೂಡಲೇ ನನಗೆ ತಿಳಿಯಿತು, ಇದು ಪೇಟೆಯಲ್ಲಿ ಮಾರುವ ಹಾಡಿನ ತಟ್ಟೆಯಲ್ಲ.

“ಮೈಸೂರಲ್ಲಿ ವಸ್ತುಪ್ರದರ್ಶನಕ್ಕೆ ಹೋಗಿದ್ವಿ. ಅಲ್ಲಿ ಒಬ್ಬ ಪರದೆ ಕಟ್ಕೊಂಡು ಕೂತಿದ್ದ, ಮಾತಾಡಿದ್ರೆ ಅಲ್ಲೇ ಪ್ಲೇಟು ಕೊರೆದು ಕೊಡ್ತಿದ್ದ. ನನ್ನ ಹೆಂಡ್ತಿ ಗಿರಿಜಮ್ಮ ಮಾತಾಡಿರೋದು ಇದ್ರಲ್ಲಿ ಐತೆ” ಎಂದರು. ಆಮೇಲೆ ತಟ್ಟೆಯನ್ನೇ ನೋಡುತ್ತಾ, “ಈಗ ಅವ್ಳಿಲ್ಲ. ವಿಷಮಶೀತ ಜ್ವರ ಬಂತು” ಎಂದರು.

ಅಂಥ ತಟ್ಟೆಯ ವಿಷಯ ಎರಡು ಮಾತಿನಲ್ಲಿ ಹೇಳಬೇಕು. ಹಾಡಿನ ತಟ್ಟೆಗಳನ್ನು ಅಚ್ಚಿನಲ್ಲಿ ಒತ್ತಿ ಸಾವಿರಗಟ್ಟಲೆ ತೆಗೆಯುತ್ತಾರೆ. ಒಂದು ಸವೆದರೆ ಇನ್ನೊಂದು. ಇದು ಹಾಗಲ್ಲ. ಅಲ್ಯುಮಿನಿಯಂ ಹಾಳೆಯ ಮೇಲೆ ಮೆತ್ತಗಿನ ಕಪ್ಪು ಲೇಪ, ಆ ಲೇಪದ ಮೇಲೆ ಮಾತಾಡುತ್ತಿದ್ದ ಹಾಗೇ ನೇರವಾಗಿ ಕೊರೆದ ಗೆರೆ. ಜಗತ್ತಿನಲ್ಲಿ ಇರುವುದು ಅದೊಂದೇ. ಪ್ರತಿ ಸಲ ಮುಳ್ಳು ಓಡಿದಾಗಲೂ ಲೇಪದ ಒಂದು ಪದರ ಹೋಗುತ್ತದೆ. ಅಂದರೆ ಕೇಳಿದಷ್ಟೂ ದನಿ ಸವೆಯುತ್ತದೆ.

ಭೂತಗನ್ನಡಿಯಲ್ಲಿ ನೋಡಿದೆ. ಹೊರಗಿನ ಗೆರೆಗಳು ಬೂದುಬಣ್ಣಕ್ಕೆ ತಿರುಗಿದ್ದವು. ಒಳಗಿನ ಕೊನೆಯ ಒಂದಿಷ್ಟು ಗೆರೆಗಳು ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಅಲ್ಲಿಗೆ ಯಾವ ಮುಳ್ಳೂ ಸರಿಯಾಗಿ ಹೋಗಿರಲಿಲ್ಲ.

“ಎಷ್ಟು ಸಲ ಹಾಕಿದೀರಿ?”

“ಎರಡೇ ಸಲ, ಅವ್ಳು ಹೋದ್ಮೇಲೆ. ಮೊದಲು ನಮ್ಮೂರಲ್ಲಿ ನೆಂಟರ ಮನೇಲಿ, ಕೀ ಕೊಡೋ ಗ್ರಾಮಫೋನು. ಕೊನೇಗೆ ಬರೋ ಹೊತ್ತಿಗೆ ಕಿರ್ ಅಂತ ಜಾರಿ ನಡುವಿಗೆ ಹೋಯ್ತು. ಆಮೇಲೆ ನಮ್ಮ ಕ್ಲಬ್ಬಿನ ರೇಡಿಯೋಗ್ರಾಮಲ್ಲಿ. ಅದ್ರ ಕೈ ಅದೇ ಜಾಗಕ್ಕೆ ಬಂದು ತಾನೇ ಎದ್ದು ಪಕ್ಕಕ್ಕೆ ಹೋಗಿ ಕೂತ್ಕೊಳ್ತು. ಅದೇ ಜಾಗ. ಒಂದು ಅಕ್ಷರ ಆಚೆ ಈಚೆ ಇಲ್ಲ.”

“ಯಾವ ಜಾಗ?”

ಅವರು ರುದ್ರಪ್ಪನವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಹೇಳಿದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲವೆಂಬುದು ಗೊತ್ತಿರುವುದೇ. ಮದುವೆಯಲ್ಲಿ ಮಾತ್ರ ಬಾಗಿಲು ತಡೆದು ‘ಹೆಸರು ಹೇಳಿ ಒಳಗೆ ಬಾ’ ಎನ್ನುತ್ತಾರೆ. ಆಗ ಹೆಣ್ಣು ಒಂದು ಒಡಪು ಕಟ್ಟಿ, ಅದರ ಕೊನೆಯಲ್ಲಿ ಗಂಡನ ಹೆಸರು ಸೇರಿಸಿ ಹೇಳಬೇಕು.

“ನಮ್ಮ ಮದ್ವೇಲಿ ಬಾಗ್ಲು ತಡೆದ್ರು. ಇವ್ಳು ಅತ್ತೇಬಿಟ್ಲು. ಪಾಪ ಅಂತ ಬಿಟ್ರು. ಆಮೇಲೆ ನಾನು ಎಷ್ಟು ಕಾಡಿದ್ರೂ ಹೇಳ್ಲಿಲ್ಲ. ಮೈಸೂರಲ್ಲಿ ಮಾತ್ರ, ‘ನೀವು ಆಚೆ ನಿಂತ್ಕೊಳ್ಳಿ, ಪೆಟ್ಟಿಗೇಗೆ ಹೇಳ್ತೀನಿ’ ಅಂದ್ಲು. ಪರದೆ ಆಚೇನೇ ನಿಂತಿದ್ದೆ. ಪಕ್ಕದಲ್ಲಿ ತಿರುಗೋ ತೊಟ್ಲು, ಬ್ಯಾಂಡ್ ಸೆಟ್ಟು, ಏನೂ ಕೇಳಿಸ್ಲಿಲ್ಲ. ಪ್ಲೇಟಲ್ಲಿ ಒಡಪು ಪೂರ್ತಿ ಐತೆ. ‘ಹೆಸರು ಹೇಳು ಅಂದ್ರೆ’ ಅನ್ನೋವರೆಗೆ ಐತೆ. ಅಲ್ಲಿಗೆ ಬಂದು ಎಲ್ಲ ಮಿಷನ್ನೂ ನಿಂತೋಗ್ತವೆ.”

ಆಮೇಲೆ ನನ್ನ ಕೈಯ ಮೇಲೆ ಕೈಯಿಟ್ಟರು. “ಒಂದೇ ಒಂದು ಸಲ ಸಾಕು. ಆಮೇಲೆ ಪ್ಲೇಟು ಹೋದ್ರೆ ಹೋಗ್ಲಿ.”

ರುದ್ರಪ್ಪನವರು, “ಮನೇಲಿ ತಾಯಿ ಇದಾರಾ? ಅವ್ರು ಏನಂತಾರೆ?” ಎಂದು ಕೇಳಿದರು. ಅದು ವ್ಯಾಪಾರದ ಪ್ರಶ್ನೆಯಾಗಿರಲಿಲ್ಲ. ಸಿದ್ಧಲಿಂಗಪ್ಪನವರ ಮುಖ ಸಣ್ಣಗಾಯಿತು.

“ಹೊಳೇಗೆ ಬಿಡು ಅಂತಾರೆ. ಸತ್ತೋರ ಬಾಯಲ್ಲಿ ಬದುಕಿರೋರ ಹೆಸರು ಬರಬಾರ್ದಂತೆ. ಕರೆದ್ರೆ ಓಗೊಡಬೇಕಾಗುತ್ತಂತೆ.”

ಅವರು ಹೋದ ಮೇಲೆ ರುದ್ರಪ್ಪನವರು ನನಗೆ, “ಬೇಡ ಮಾರಾಯ. ಎರಡು ಮಿಷನ್ನು ಅದೇ ಜಾಗದಲ್ಲಿ ನಿಂತವೆ ಅಂದ್ರೆ ಏನೋ ಐತೆ. ನಿಲ್ಲಿಸ್ತಿರೋರು ಯಾರೋ ನಿಲ್ಲಿಸ್ತಿದಾರೆ” ಎಂದರು.

“ನಿಲ್ಲಿಸ್ತಿರೋದು ಟ್ರಿಪ್ ಲಿವರ್ರು” ಎಂದೆ. “ವಸ್ತುಪ್ರದರ್ಶನದೋನು ಗೆರೇನ ತೀರಾ ಒಳಗಿನವರೆಗೂ ಕೊರೆದುಬಿಟ್ಟಿದಾನೆ. ಅಷ್ಟು ಒಳಗೆ ಬಂದ್ರೆ ಹಾಡು ಮುಗೀತು ಅಂತ ರೇಡಿಯೋಗ್ರಾಮ್ ತಿಳ್ಕೊಂಡು ಕೈ ಎತ್ತುತ್ತೆ. ಕೀ ಕೊಡೋದು ಭಾರಕ್ಕೆ ಜಾರಿದೆ. ಇದ್ರಲ್ಲಿ ದೆವ್ವ ಎಲ್ಲಿ ಬಂತು?”

“ಆಯ್ತಪ್ಪ ಬಿ.ಎಸ್ಸಿ. ಸಾಹೇಬ್ರೆ. ದೆವ್ವಕ್ಕೂ ಲಿವರ್ ಇರುತ್ತೆ ಅನ್ನೋದು ನಿಮ್ಮ ಪುಸ್ತಕದಲ್ಲಿ ಬರೆದಿಲ್ಲೇನೋ.”

ನಾನು ನಕ್ಕೆ. ನಿಜ ಹೇಳಬೇಕೆಂದರೆ, ಅವರು ಹೇಳುವುದಕ್ಕೆ ಮುಂಚೆಯೇ ಆ ಮಾತು ನನ್ನ ತಲೆಯಲ್ಲಿ ಬಂದು ಹೋಗಿತ್ತು.

ಇನ್ನು ಕೆಲಸದ ವಿಷಯ. ಗ್ರಾಮಫೋನಿನ ಮುಳ್ಳು ಗೆರೆಯ ಅಂಕುಡೊಂಕಿನಲ್ಲಿ ಅಲುಗುತ್ತದೆ. ಆ ಅಲುಗಾಟವನ್ನು ವಿದ್ಯುತ್ತಾಗಿ ಬದಲಾಯಿಸುವ ಬೆರಳುದ್ದದ ಪೆಟ್ಟಿಗೆಗೆ ಕಾರ್ಟ್ರಿಜ್ ಎಂದು ಹೆಸರು. ಕಾರ್ಟ್ರಿಜ್ಜನ್ನು ಹೊತ್ತು ತಟ್ಟೆಯ ಮೇಲೆ ಸಾಗುವ ಕೈಯೇ ಟೋನ್ ಆರ್ಮ್. ಹಳೆಯ ಕೀ ಕೊಡುವ ಯಂತ್ರದಲ್ಲಿ ಮುಳ್ಳಿನ ಮೇಲೆ ನೂರು ಗ್ರಾಂಗೂ ಮೀರಿದ ಭಾರ ಬೀಳುತ್ತದೆ. ರೇಡಿಯೋಗ್ರಾಮಿನ ಕ್ರಿಸ್ಟಲ್ ಕಾರ್ಟ್ರಿಜ್ಜಿಗೆ ಹತ್ತು ಗ್ರಾಂ. ಆ ಮೆತ್ತನೆಯ ಲೇಪಕ್ಕೆ ಅದೂ ಹೆಚ್ಚೇ.

ನಮ್ಮ ಗಾಜಿನ ಬೀರುವಿನಲ್ಲಿ ಮೂರೇ ಗ್ರಾಂ ಭಾರದಲ್ಲಿ ಓಡುವ ಒಂದು ಪರದೇಶದ ಕಾರ್ಟ್ರಿಜ್ ಇತ್ತು. ಭದ್ರಾವತಿಗೆ ಬಂದಿದ್ದ ಒಬ್ಬ ವಿದೇಶಿ ಇಂಜಿನಿಯರ್ ಊರಿಗೆ ಮರಳುವಾಗ ಮಾರಿ ಹೋಗಿದ್ದು. ಹಳೆಯ ಅಗಲ ಗೆರೆಗೆ ಬೇಕಾದ ಮುಳ್ಳೂ ಅದರ ಜೊತೆಗಿತ್ತು. ಯಾರೂ ಕೊಂಡಿರಲಿಲ್ಲ, ಏಕೆಂದರೆ ಊರಿನಲ್ಲಿದ್ದ ಯಾವ ಆರ್ಮಿಗೂ ಅದು ಒಗ್ಗುತ್ತಿರಲಿಲ್ಲ. ಅದನ್ನೇ ತೆಗೆದು, ಅಂಗಡಿಯ ಒಂದು ಟರ್ನ್‌ಟೇಬಲ್ಲಿನ ಆರ್ಮಿಗೆ ಕಟ್ಟಿದೆ. ಪ್ರಯೋಗಕ್ಕೆ ಬಾಗಿದ ತಟ್ಟೆ ಬೇಕಿತ್ತು, ಏಕೆಂದರೆ ಸಿದ್ಧಲಿಂಗಪ್ಪನವರ ತಟ್ಟೆಯೂ ಒಂದು ಕಡೆ ಸ್ವಲ್ಪ ಬಾಗಿತ್ತು. ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಗೆಳೆಯ ಖಾದರ್ ಸಾಬರನ್ನು ಕೇಳಿದೆ.

“ಬಾಗಿರೋದಾ? ಅರೆ ಭಾಯ್, ಎಷ್ಟು ಬೇಕು? ಮದ್ವೆ ಮನೆ ಚಪ್ಪರದಲ್ಲಿ ಬಿಸಿಲು ಕಾದು ಎಲ್ಲಾ ಹಪ್ಪಳ ಆಗಿದಾವೆ. ಉಪ್ಪು ಹಾಕಿ ಕೊಡ್ಲಾ?” ಎಂದು ಒಂದು ಕಟ್ಟು ತಂದು ಸುರಿದರು.

ಮುಳ್ಳು ಇಟ್ಟೆ. ಬಾಗಿದ ಜಾಗ ಬಂದ ಕೂಡಲೇ ಆರ್ಮು ಎದ್ದು ಕುಣಿಯಿತು, ಕುಣಿದು ಗೆರೆ ಬಿಟ್ಟಿತು. ಇನ್ನೊಂದು ತಟ್ಟೆಯಲ್ಲೂ ಅದೇ. ಒಳ್ಳೆಯ ಕಾರ್ಟ್ರಿಜ್ಜೇ ಕೆಟ್ಟದಾಗಿ ನಡೆದುಕೊಂಡಿತು.

ಇದರ ಗುಟ್ಟು ಜಟಕಾ ಬಂಡಿಯಲ್ಲಿದೆ. ಗಟ್ಟಿ ಸ್ಪ್ರಿಂಗಿನ ಬಂಡಿಗೆ ಎಷ್ಟು ಮೂಟೆ ಹೇರಿದರೂ ಅದು ದಡಬಡ ಹೋಗುತ್ತದೆ. ಮೆತ್ತಗಿನ ಸ್ಪ್ರಿಂಗಿನ ಬಂಡಿಗೆ ಭಾರ ಹೇರಿದರೆ ಒಂದು ಹಳ್ಳಕ್ಕೆ ಬಿದ್ದದ್ದು ಹತ್ತು ಮಾರು ತೂಗಾಡುತ್ತದೆ. ನನ್ನ ಕಾರ್ಟ್ರಿಜ್ ಮೆತ್ತಗಿನ ಸ್ಪ್ರಿಂಗಿನದು, ಆರ್ಮು ಹಿತ್ತಾಳೆಯ ಭಾರದ್ದು. ಎರಡೂ ಸೇರಿ ಸೆಕೆಂಡಿಗೆ ಐದಾರು ಸಲ ತೂಗುತ್ತಿದ್ದವು. ಬಾಗಿದ ತಟ್ಟೆಯ ಏರಿಳಿತ, ನೆಲದ ಮೇಲೆ ನಡೆಯುವವರ ಹೆಜ್ಜೆ, ಇವೂ ಹೆಚ್ಚುಕಡಿಮೆ ಆ ಲಯದಲ್ಲೇ ಬರುವಂಥವು. ಹಾಗಾಗಿ ಒಂದನ್ನೊಂದು ಎಬ್ಬಿಸಿ ಕುಣಿಸುತ್ತಿದ್ದವು. ಇದೇ ಅನುರಣನ. ತೂಗಾಟದ ವೇಗವನ್ನು ಇಮ್ಮಡಿ ಮಾಡಿದರೆ, ಏರಿಳಿತಕ್ಕಿಂತ ಮೇಲೆ, ಮಾತಿನ ದನಿಗಿಂತ ಕೆಳಗೆ, ಯಾರ ತಂಟೆಗೂ ಹೋಗದ ಜಾಗಕ್ಕೆ ಅದು ಬಂದು ಕೂರುತ್ತದೆ. ಕಾಲೇಜಿನಲ್ಲಿ ಕಲಿತ ಸೂತ್ರದ ಪ್ರಕಾರ ವೇಗ ಎರಡರಷ್ಟಾಗಬೇಕಾದರೆ ಅಲುಗುವ ತೂಕ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಬೇಕು. ಅಂಥ ಆರ್ಮು ಶಿವಮೊಗ್ಗದಲ್ಲಿರಲಿ, ಬೆಂಗಳೂರಿನಿಂದ ತರಿಸುವುದೂ ಕಷ್ಟವಿತ್ತು.

ಸಿದ್ಧಲಿಂಗಪ್ಪನವರು ಮತ್ತೆ ಬಂದಾಗ ಇದನ್ನೆಲ್ಲ ಹೇಳಿದೆ. ಅವರು ಹಿತ್ತಾಳೆಯ ಆರ್ಮನ್ನು ಕೈಯಲ್ಲಿ ತೂಗಿ ನೋಡಿದರು.

“ಗಟ್ಟಿ ಇರಬೇಕು, ಹಗುರ ಇರಬೇಕು, ಒಳಗೆ ವೈರು ಹೋಗೋಕೆ ತೂತಿರಬೇಕು. ಅಷ್ಟೇ ತಾನೆ? ವಾಟೆ ಐತಲ್ಲ.”

ವಾಟೆ ಎಂದರೆ ನಮ್ಮ ಕಾಡಿನ ತೆಳುಗೋಡೆಯ ಬಿದಿರು. ಕೊಳಲಿಗೆ, ಬುಟ್ಟಿಗೆ ಬಳಸುತ್ತಾರೆ. ನಾನು ಸೂತ್ರ ಕೊಟ್ಟೆ, ಅವರು ಕಡ್ಡಿ ಕೊಟ್ಟರು ಎನ್ನಬಹುದು. ಉದ್ದ, ಕೋನ, ಮುಳ್ಳಿನಿಂದ ತಿರುಗಣಿಗೆ ಎಷ್ಟು ಅಂತರ, ಎಲ್ಲವನ್ನೂ ಚಿತ್ರ ಬರೆದುಕೊಟ್ಟೆ. ಮುಂದಿನ ವಾರ ಅವರು ತಂದ ಆರ್ಮನ್ನು ಕಂಡು ಖಾದರ್ ಸಾಬರು ತಮಾಷೆ ಮರೆತು ನೋಡುತ್ತಾ ನಿಂತರು. ಹೊಗೆಯಲ್ಲಿ ಹದಮಾಡಿದ ವಾಟೆ, ತುದಿಗೆ ಕಾಗದದಷ್ಟು ತೆಳ್ಳಗೆ ಕೆತ್ತಿದ ಮರದ ತಲೆ, ಹಿಂದೆ ಸೀಸದ ಗುಂಡು. ಇಡೀ ಆರ್ಮು ಕೂರುವುದು ತಿರುಗಣಿಯಾಗಿ ನೆಟ್ಟಗೆ ನಿಲ್ಲಿಸಿದ ಒಂದು ಗ್ರಾಮಫೋನ್ ಮುಳ್ಳಿನ ಮೊನೆಯ ಮೇಲೆ, ಅಷ್ಟೇ. ಊದಿದರೆ ತಿರುಗುತ್ತಿತ್ತು. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ಮುಳ್ಳಿನ ಭಾರ ತೂಗಿ, ಸೀಸವನ್ನು ಹಿಂದೆ ಮುಂದೆ ಸರಿಸಿ ಮೂರು ಗ್ರಾಮಿಗೆ ತಂದೆವು. ಖಾದರ್ ಸಾಬರ ಹಪ್ಪಳಗಳನ್ನೆಲ್ಲ ಓಡಿಸಿದೆವು. ಮುಳ್ಳು ದೋಣಿಯ ಹಾಗೆ ಏರಿ ಇಳಿಯಿತೇ ಹೊರತು ಒಂದು ಗೆರೆಯನ್ನೂ ಬಿಡಲಿಲ್ಲ. ತಟ್ಟೆಯ ನಡುವಿನ ಕಾಗದದ ಅಂಚಿನವರೆಗೂ ಹೋಯಿತು.

“ವಾಹ್” ಎಂದರು ಖಾದರ್ ಸಾಬರು. “ಸಿದ್ಲಿಂಗಪ್ನೋರೆ, ನಮ್ಮ ಮನೇಲಿ ನಮ್ಮ ಬೀಬಿ ದಿನಾ ನನ್ನ ಹೆಸ್ರು ಹೇಳ್ತಾಳೆ. ಜೊತೆಗೆ ನಮ್ಮಪ್ಪಂದೂ ಸೇರಿಸ್ತಾಳೆ. ಬೇಕಾದ್ರೆ ಕರ್ಕೊಂಡು ಬರ್ತೀನಿ, ಪ್ಲೇಟು ಮಾಡಿ.” ಸಿದ್ಧಲಿಂಗಪ್ಪನವರು ಮೊದಲ ಸಲ ನಕ್ಕರು.

ದನಿಯನ್ನು ಟೇಪಿಗೆ ಹಿಡಿದಿಟ್ಟುಕೊಳ್ಳೋಣ, ಯಾರಲ್ಲಾದರೂ ಟೇಪ್ ರೆಕಾರ್ಡರ್ ಇದ್ದರೆ ಬೇಡಿ ತರುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಸ್ಪೀಕರಿನಲ್ಲಿ ಹಾಕುವುದಕ್ಕೂ ಒಪ್ಪಲಿಲ್ಲ. “ಅವ್ಳು ನಾಚ್ಕೊಂಡು ನಾಚ್ಕೊಂಡು ಹೇಳಿರೋದು. ಊರೋರಿಗೆಲ್ಲ ಕೇಳೋದು ಬೇಡ. ನಂಗೊಬ್ನಿಗೆ.” ಅಂಗಡಿಯಲ್ಲಿ ಯುದ್ಧಕಾಲದ ಒಂದು ಮಿಲಿಟರಿ ಹೆಡ್‌ಫೋನ್ ಇತ್ತು. ಅದನ್ನು ಅವರು ಹಾಕಿಕೊಳ್ಳುವುದು, ನಾನು ಮುಳ್ಳನ್ನು ಮಾತ್ರ ನೋಡಿಕೊಳ್ಳುವುದು ಎಂದು ಮಾತಾಯಿತು.

ಒಂದು ಭಾನುವಾರ ಮಧ್ಯಾಹ್ನ, ಅಂಗಡಿಗೆ ರಜೆಯಿದ್ದಾಗ ಕೂತೆವು. ಬೀದಿಯಲ್ಲಿ ಗಾಡಿ ಓಡಾಟ ಕಡಿಮೆ, ನೆಲ ಅದುರುವುದಿಲ್ಲ ಎಂಬ ಲೆಕ್ಕ. ಬಾಗಿಲು ಅರ್ಧ ಎಳೆದಿದ್ದೆವು. ರುದ್ರಪ್ಪನವರು ಹೊರಗಿನ ಜಗುಲಿಯಲ್ಲಿ ಕೂತರು. ಒಳಗೆ ಬರುವುದಿಲ್ಲ ಎಂದರು. ಬರುವಾಗ ವಿಭೂತಿಯ ಗಟ್ಟಿ ತಂದಿದ್ದರು. ಸಿದ್ಧಲಿಂಗಪ್ಪನವರ ಹಣೆಗೆ ತಾವೇ ಹಚ್ಚಿ, ಒಂದು ಕ್ಷಣ ನನ್ನನ್ನು ನೋಡಿ, ನನ್ನ ಹಣೆಗೂ ಹಚ್ಚಿದರು. ನಾನು ಬೇಡವೆನ್ನಲಿಲ್ಲ.

ತಟ್ಟೆಯನ್ನು ಮೆತ್ತಗೆ ಒರೆಸಿ ಇಟ್ಟೆ. ಫ್ಯಾನ್ ಆರಿಸಿದೆ. ಸಿದ್ಧಲಿಂಗಪ್ಪನವರು ಸ್ಟೂಲಿನ ಮೇಲೆ, ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದರು. ಅದು ನೀರಿಗೆ ಧುಮುಕುವ ಮುಂಚೆ ಉಸಿರು ಕಟ್ಟಿದವರ ಮುಖ. ಟೇಬಲ್ ಲ್ಯಾಂಪನ್ನು ಹತ್ತಿರಕ್ಕೆಳೆದುಕೊಂಡು, ತಟ್ಟೆಯ ಮೇಲೆ ಬಗ್ಗಿ, ಮೊದಲ ಗೆರೆಗೆ ಮುಳ್ಳನ್ನು ಇಳಿಸಿದೆ.

ನಾನು ಮರೆತಿದ್ದ ಒಂದು ಸಂಗತಿ ಆಗ ನೆನಪಾಯಿತು. ಸ್ಪೀಕರ್ ಇಲ್ಲದಿದ್ದರೂ ಮುಳ್ಳು ತಾನೇ ಮಾತಾಡುತ್ತದೆ. ಗೆರೆಯಲ್ಲಿ ಅಲುಗುವ ಮೊನೆ ಸುತ್ತಲಿನ ಗಾಳಿಯನ್ನೂ ಅಷ್ಟಿಷ್ಟು ಅಲುಗಿಸುತ್ತದೆ. ಕಿವಿ ಹತ್ತಿರ ಹಿಡಿದರೆ ಸೊಳ್ಳೆಯಷ್ಟು ಸಣ್ಣಗೆ ಕೇಳಿಸುತ್ತದೆ. ನಮ್ಮ ಕಸುಬಿನಲ್ಲಿ ಅದನ್ನು ಮುಳ್ಳಿನ ಮಾತು ಎನ್ನುತ್ತಿದ್ದೆವು. ನನ್ನ ಕಿವಿ ಮುಳ್ಳಿನಿಂದ ಒಂದು ಗೇಣು ದೂರದಲ್ಲಿತ್ತು. ಸರಿಯುವ ಹಾಗಿಲ್ಲ. ಕಣ್ಣು ತೆಗೆದರೆ ಮುಳ್ಳು ಎಲ್ಲಿ ಜಾರುತ್ತದೋ ಎಂಬ ಭಯ.

ಸತ್ತುಹೋದ ಹೆಂಗಸಿನ ದನಿ ಆ ಮೊನೆಯಿಂದ ಎದ್ದು ಬಂತು. ತಗಡಿನ ಡಬ್ಬಿಯೊಳಗೆ ಸಿಕ್ಕಿಕೊಂಡ ಹುಳುವಿನಷ್ಟು ಸಣ್ಣದು, ಆದರೂ ಅಕ್ಷರ ಅಕ್ಷರ ಬಿಡಿಯಾಗಿತ್ತು.

“ಶುರುವಾಯ್ತಾ? ಮಾತಾಡ್ಲಾ?”

ಆಮೇಲೆ ಸವೆದ ಗೆರೆಯ ಸರಸರ ಸದ್ದಿನ ನಡುವೆ ಒಡಪು:

“ಹೊಳೆಯ ದಾಟಿ ಬಂದೆ, ಹೊಸ ಬಳೆಯ ತಂದೆ,
ತಂದ ಬಳೆ ತೊಟ್ಟು ಅತ್ತೆ ಹೊಸಿಲಲ್ಲಿ ನಿಂತೆ,
ನಿಂತೋಳ ತಡೆದು ಹೆಸರು ಹೇಳು ಅಂದ್ರೆ...”

ಆ ಜಾಗ ಬಂತು. ಮುಳ್ಳು ಸವೆದ ಬೂದು ಗೆರೆಯಿಂದ ಹೊಳೆಯುವ ಗೆರೆಗೆ ದಾಟಿದ್ದನ್ನು ಕಣ್ಣಾರೆ ಕಂಡೆ. ಸರಸರ ಸದ್ದು ಕತ್ತರಿಸಿದ ಹಾಗೆ ನಿಂತಿತು. ಅಲ್ಲಿಂದ ಮುಂದೆ ದನಿ ಎಷ್ಟು ಶುಭ್ರವಾಯಿತೆಂದರೆ, ಅಷ್ಟು ಹೊತ್ತು ಗೋಡೆಯಾಚೆ ಇದ್ದವರು ಬಾಗಿಲು ತೆರೆದು ಒಳಗೆ ಬಂದ ಹಾಗಾಯಿತು. ನನ್ನ ಕುತ್ತಿಗೆಯ ಕೂದಲು ನಿಂತವು. ಫಿಸಿಕ್ಸ್ ಓದಿದವನಿಗೆ ಕಾರಣ ಗೊತ್ತಿತ್ತು, ಕೂದಲಿಗೆ ಗೊತ್ತಿರಲಿಲ್ಲ. ‘ಕರೆದ್ರೆ ಓಗೊಡಬೇಕಾಗುತ್ತೆ’ ಎಂಬ ಆ ಮುದುಕಿಯ ಮಾತು ಕಿವಿಯಲ್ಲಿತ್ತು.

ಆಕೆ ಉಸಿರೆಳೆದುಕೊಂಡರು. ಆ ಉಸಿರೂ ಕೇಳಿಸಿತು. ಆಮೇಲೆ ನಕ್ಕರು. ಬಾಯಿಗೆ ಸೆರಗು ಒತ್ತಿಕೊಂಡು ನಗುವ ನಗು.

“ಪರದೆ ಆಚೆ ನಿಂತಿದೀರ, ಕಾಲು ಕಾಣ್ತಾ ಐತೆ ನಂಗೆ. ಊಹೂಂ, ಈ ಪೆಟ್ಟಿಗೇಗೆ ಹೇಳಲ್ಲ. ಛತ್ರಕ್ಕೆ ಹೋದ್ಮೇಲೆ ನಿಮ್ಮ ಕಿವೀಲೇ ಹೇಳ್ತೀನಿ.”

ಮತ್ತೆ ಅದೇ ನಗು. ನಗುವಿನ ನಡುವೆಯೇ ಗೆರೆ ಮುಗಿಯಿತು. ಮುಳ್ಳು ಕೊನೆಯ ಸುತ್ತಿನಲ್ಲಿ ಸುಮ್ಮನೆ ತಿರುಗುತ್ತಿತ್ತು. ವಾಟೆಯ ಆರ್ಮು ಕುಣಿಯಲಿಲ್ಲ, ಜಾರಲಿಲ್ಲ. ನಾನು ಮಾಡಿದ ಲೆಕ್ಕ ಎಲ್ಲವೂ ಸರಿಯಾಗಿತ್ತು.

ತಲೆಯೆತ್ತಿ ನೋಡಿದೆ. ಸಿದ್ಧಲಿಂಗಪ್ಪನವರು ಹೆಡ್‌ಫೋನ್ ತೆಗೆದಿರಲಿಲ್ಲ. ಇನ್ನೂ ಏನೋ ಬರಬಹುದೆಂದು ಕಾಯುವವರ ಹಾಗೆ, ಖಾಲಿ ಗೆರೆಯ ಸದ್ದನ್ನು ಕೇಳುತ್ತಾ ಕೂತಿದ್ದರು. ನಾನೇ ಮುಳ್ಳು ಎತ್ತಿದೆ. ಎತ್ತುವುದಕ್ಕೆ ನನಗೆ ಮನಸ್ಸು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮುಳ್ಳಿನ ತುದಿಗೆ ಲೇಪದ ಒಂದು ಕಪ್ಪು ಎಳೆ ಅಂಟಿಕೊಂಡಿತ್ತು. ಕೂದಲಿಗಿಂತ ಸಣ್ಣದು.

ಬಾಗಿಲಿಂದ ರುದ್ರಪ್ಪನವರು ಇಣುಕಿದರು. “ಕರೆದ್ರಾ? ಹೆಸರು ಕರೆದ್ರಾ?”

“ಇಲ್ಲ. ಕರೀಲಿಲ್ಲ” ಎಂದರು ಸಿದ್ಧಲಿಂಗಪ್ಪ.

“ಶಿವ ದೊಡ್ಡೋನು. ಒಳ್ಳೇದೇ ಆಯ್ತು ಬಿಡಿ” ಎಂದು ರುದ್ರಪ್ಪನವರು ನಿಟ್ಟುಸಿರುಬಿಟ್ಟರು. ಅವರು ಅದನ್ನು ಮನಸಾರೆ ಹೇಳಿದರು. ನನಗೆ ಮಾತ್ರ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ತಟ್ಟೆಯನ್ನು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಅವರು ಹೊರಟರು. ಬಸ್ ಸ್ಟ್ಯಾಂಡಿನವರೆಗೆ ನಾನೂ ಜೊತೆಗೆ ನಡೆದೆ. ಬಿಸಿಲು ಚುರುಗುಟ್ಟುತ್ತಿತ್ತು, ಅಂಗಡಿಗಳೆಲ್ಲ ಮುಚ್ಚಿದ್ದವು. ಅರ್ಧ ದಾರಿಯಲ್ಲಿ ಅವರು, “ನಿಮಗೂ ಕೇಳಿಸ್ತು, ಅಲ್ವಾ?” ಎಂದರು.

“ಹೂಂ. ಮುಳ್ಳಿಂದ ಕೇಳಿಸ್ತು. ಬೇಕು ಅಂತ ಕೇಳಿದ್ದಲ್ಲ.”

“ಇರ್ಲಿ. ಯಾರಾದ್ರೂ ಒಬ್ರು ಕೇಳಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನಾನೇ ಕಟ್ಕೊಂಡ ಕತೆ ಅನ್ಸಿಬಿಡೋದು.”

ಒಂದು ಮುಚ್ಚಿದ ಅಂಗಡಿಯ ನೆರಳಿಗೆ ಬಂದು ಅವರು ನಿಂತರು.

“ಅವತ್ತು ಛತ್ರಕ್ಕೆ ಬಂದ್ಮೇಲೆ ಹೇಳ್ಬೇಕು ಅಂತಾನೇ ಬಂದಿದ್ಲು ಹನುಮಂತಪ್ನೋರೆ. ಪಕ್ಕದಲ್ಲಿ ಕೂತು, ‘ಇಲ್ಲಿ ಬಗ್ಗಿ ಸ್ವಲ್ಪ’ ಅಂದ್ಲು. ದಿನವೆಲ್ಲ ನಡೆದು ಕಾಲು ಸೇದ್ತಿತ್ತು ನಂಗೆ. ಕಣ್ಣೂ ಬಿಡ್ಲಿಲ್ಲ. ‘ಪ್ಲೇಟಲ್ಲಿ ಐತಲ್ಲ ಬಿಡೇ, ಊರಿಗೆ ಹೋಗಿ ಕೇಳ್ಕೊಂತೀನಿ’ ಅಂದೆ.”

“ಅವ್ರು ಏನಂದ್ರು?”

“ನಕ್ಲು. ‘ಹಂಗಾದ್ರೆ ಪ್ಲೇಟಲ್ಲೇ ಕೇಳ್ಕೊಳ್ಳಿ’ ಅಂದು ಮಲಗಿದ್ಲು. ಆಮೇಲೂ ಆಗಾಗ, ‘ಪ್ಲೇಟು ಕೇಳಿದ್ರಾ?’ ಅಂತ ಕೇಳೋಳು, ಕೇಳಿ ನಗೋಳು. ಮಿಷನ್ ತಗೊಂಡ್ಮೇಲೆ ಕೇಳ್ತೀನಿ ತಡಿಯೇ ಅನ್ನೋನು ನಾನು. ಯಾಕೆ ನಗ್ತಾಳೆ ಅಂತ ಇವತ್ತು ಗೊತ್ತಾಯ್ತು.”

ಅವರ ಕಣ್ಣಲ್ಲಿ ನೀರಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. “ಅವ್ಳು ಸತ್ತು ನನ್ನ ಕರೀತಾಳೆ ಅಂತ ನಮ್ಮವ್ವ ಹೆದರ್ತಿದ್ಲು. ಬದುಕಿದ್ದಾಗ ಕರೆಯೋಕೆ ಬಂದೋಳಿಗೆ ನಾನೇ ಓಗೊಡ್ಲಿಲ್ವಲ್ಲ” ಎಂದರು. ಭದ್ರಾವತಿಯ ಬಸ್ಸು ಬಂತು. ಗಂಟನ್ನು ಎದೆಗೆ ಅವುಚಿಕೊಂಡು ಹತ್ತಿದರು. ಕಿಟಕಿಯಿಂದ, “ಆ ಕೈ ನಿಮ್ಮ ಹತ್ರಾನೇ ಇರ್ಲಿ. ಅದ್ರ ಕೆಲ್ಸ ಆಯ್ತು” ಎಂದರು.

ಮತ್ತೆ ಅವರು ಅಂಗಡಿಗೆ ಬರಲಿಲ್ಲ. ಒಮ್ಮೆ ಅಪ್ಪನನ್ನು ನೋಡಲು ಭದ್ರಾವತಿಗೆ ಹೋದಾಗ ಕಾರ್ಖಾನೆಯ ಗೇಟಿನ ಬಳಿ ಸಿಕ್ಕಿದರು. ಮಾತಾಡಿದೆವು. ತಟ್ಟೆಯ ವಿಷಯ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆ ವಾಟೆಯ ಆರ್ಮು ಬಹಳ ವರ್ಷ ನನ್ನ ಬಳಿ ಇತ್ತು. ಅದರಲ್ಲಿ ಎಷ್ಟೋ ಜನರ ತಟ್ಟೆಗಳನ್ನು ಉಳಿಸಿದೆ. ಆದರೆ ಹಾಡು ಮುಗಿದು ಮುಳ್ಳು ಕೊನೆಯ ಖಾಲಿ ಸುತ್ತಿನಲ್ಲಿ ತಿರುಗುವಾಗ, ನನಗೆ ತಕ್ಷಣ ಎತ್ತಲು ಆಗುತ್ತಿರಲಿಲ್ಲ. ಬಗ್ಗಿ ಕೇಳುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ಗೊತ್ತಿದ್ದೂ ಬಗ್ಗುತ್ತಿದ್ದೆ. ಹೆಂಡತಿ ಎಷ್ಟೋ ಸಲ, “ಮುಗೀತಲ್ರಿ, ಇನ್ನೇನು ಕೇಳ್ತಿದೀರ?” ಎಂದು ಕೇಳಿದ್ದುಂಟು.

ಕಾರ್ಟ್ರಿಜ್ಜಿಗೆ ತಕ್ಕ ಆರ್ಮು, ಆರ್ಮಿಗೆ ತಕ್ಕ ಭಾರ ಹೊಂದಿಸುವುದನ್ನು ಬಿ.ಎಸ್ಸಿ. ಕಲಿಸಿತು. ಆ ಭಾನುವಾರ ಕಲಿತದ್ದು ಬೇರೆ. ಮುಂದೆ ನನ್ನದೇ ಅಂಗಡಿ ತೆರೆದು ಟೇಪ್ ರೆಕಾರ್ಡರ್ ಇಟ್ಟುಕೊಂಡಾಗ, ದೂರದ ಮಕ್ಕಳಿಗೆ, ಮೊಮ್ಮಕ್ಕಳಿಗೆ ಎಂದು ದನಿ ತುಂಬಿಸಲು ಜನ ಬರುತ್ತಿದ್ದರು. ನಾನೊಂದು ನಿಯಮ ಇಟ್ಟುಕೊಂಡಿದ್ದೆ. ಯಾರಿಗಾಗಿ ಮಾತಾಡುತ್ತಾರೋ ಅವರು ಊರಿನಲ್ಲೇ ಇದ್ದರೆ, ಅವರನ್ನು ಆಚೆ ಕಳಿಸುವ ಹಾಗಿಲ್ಲ. ಎದುರಿಗೆ ಕುರ್ಚಿ ಹಾಕಿ ಕೂರಿಸಬೇಕು, ಆಮೇಲೆಯೇ ನಾನು ಬಟನ್ ಒತ್ತುವುದು.

“ಟೇಪಲ್ಲಿ ಬರುತ್ತಲ್ಲ ಸಾರ್, ಅವ್ರು ಯಾಕೆ ಕೂರ್ಬೇಕು?” ಎಂದು ಎಲ್ಲರೂ ಕೇಳುತ್ತಿದ್ದರು.

“ಬರುತ್ತೆ. ಆದ್ರೂ ಕೂತ್ಕೊಳ್ಳಿ” ಎನ್ನುತ್ತಿದ್ದೆ.